ಬೀಟೆ ಚಿನ್ನದಂಥದ್ದು, ‘ಒಣಗಿದೆ’ ಅನ್ನುವ ಮಾತು ಮಾತ್ರ ನಂಬಬೇಡಿ: ಮೂರು ವರ್ಷದ ಬಳಕೆಯ ನಂತರ

ಗಿಟಾರಿನ ಬ್ಯಾಕ್ (ಬೆನ್ನು) ಮತ್ತು ಸೈಡ್‌ಗೆ (ಪಕ್ಕ) ಬೇಕಾದ ಬೀಟೆ, ಅಂದರೆ ರೋಸ್‌ವುಡ್, ಮೂರು ವರ್ಷದಿಂದ ಮಲೆನಾಡಿನ ಒಂದೇ ಸಾಮಿಲ್‌ನಿಂದ ಬರುತ್ತಿದೆ. ಹೆಸರು ಹಾಕುತ್ತಿಲ್ಲ. ವರ್ಷಕ್ಕೆ ನಾಲ್ಕೈದು ಗಿಟಾರ್ ಕಟ್ಟುವವರು ಇಡೀ ದಿಮ್ಮಿಗೆ ದುಡ್ಡು ಹಾಕಲಾಗದು. ಇವರು ಒಂದು ಗಿಟಾರಿಗೆ ಬೇಕಾದಷ್ಟೇ ಹಲಗೆಯನ್ನು ಸೆಟ್ ಲೆಕ್ಕದಲ್ಲಿ ಸೀಳಿ ಕೊಡುತ್ತಾರೆ, ಅದೇ ದೊಡ್ಡ ಅನುಕೂಲ. ಟಾಪ್‌ಗೆ, ಅಂದರೆ ಮುಂಭಾಗದ ಹಲಗೆಗೆ, ಬೇಕಾದ ಸ್ಪ್ರೂಸ್ ಮರ ಹೇಗಿದ್ದರೂ ಹೊರದೇಶದ್ದೇ, ಅದನ್ನು ಇಲ್ಲಿ ಬಿಡುತ್ತೇನೆ.

ಮರದ ಬಗ್ಗೆ ಎರಡು ಮಾತಿಲ್ಲ. ನೇರಳೆ ಛಾಯೆಯ ಗಟ್ಟಿ ಚೇಗು, ಗಂಟಿಲ್ಲದ ನೇರ ಎಳೆ. ಒಣಗಿದ ಹಲಗೆಯ ಮೇಲ್ತುದಿಯನ್ನು ಎರಡು ಬೆರಳಲ್ಲಿ ಹಿಡಿದು ನಡುವೆ ಗೆಣ್ಣಿನಿಂದ ತಟ್ಟಿದರೆ ಕಂಚಿನ ತಟ್ಟೆಯ ಹಾಗೆ ನಾದ ಎಳೆಯುತ್ತದೆ. ಆದರೆ ಆರ್ಡರ್ ಕೊಡುವಾಗ ಬಿಡಿಸಿ ಹೇಳಬೇಕು. ‘ಗಿಟಾರಿಗೆ’ ಅಂದರೆ ಸಾಲದು. ಬ್ಯಾಕ್‌ಗೆ 550 × 215 ಮಿ.ಮೀ. ಎರಡು, ಸೈಡ್‌ಗೆ 840 × 125 ಎರಡು, ದಪ್ಪ 4.5. ಕೊನೆಗೆ ಬ್ಯಾಕ್ 2.5ಕ್ಕೆ, ಸೈಡ್ 2.1ಕ್ಕೆ ಇಳಿಯುವುದರಿಂದ ಗರಗಸದ ಗೀರು ತೆಗೆಯಲು ಅಷ್ಟು ಬೇಕು. ಪೀಠೋಪಕರಣದವರಿಗೆ ಕೊಯ್ಯುವ ಹಾಗೆ ದಿಮ್ಮಿಯನ್ನು ಒಂದು ಬದಿಯಿಂದ ಪದರ ಪದರವಾಗಿ ಉದ್ದಕ್ಕೆ ಸೀಳಿಕೊಂಡು ಹೋದರೆ ಮೇಲ್ಮೈಯಲ್ಲಿ ಚಂದದ ಚಿತ್ತಾರ ಬರುತ್ತದೆ. ಗಿಟಾರಿಗೆ ಅದು ಬೇಡ. ಹಲಗೆಯ ತುದಿಯಲ್ಲಿ ಉಂಗುರದ ಗೆರೆಗಳು ಸೈನಿಕರ ಹಾಗೆ ನೆಟ್ಟಗೆ ನಿಂತಿರಬೇಕು. ತುದಿಯ ಫೋಟೋ ವಾಟ್ಸಾಪ್‌ನಲ್ಲಿ ಬಂದ ಮೇಲೆಯೇ ಹಣ ಕಳಿಸಿ.

ಈಗ ದೂರು. ಪ್ರತಿ ಸಲವೂ ‘ಪೂರ್ತಿ ಒಣಗಿದೆ ಸಾರ್’ ಅನ್ನುತ್ತಾರೆ, ಒಂದು ಸಲವೂ ಒಣಗಿರುವುದಿಲ್ಲ. ಕಿಟಕಿ ಬಾಗಿಲಿನ ಲೆಕ್ಕದಲ್ಲಿ ಅವರ ಮಾತು ಸುಳ್ಳಲ್ಲ, ನಮ್ಮ ಲೆಕ್ಕವೇ ಬೇರೆ. ಬಂದ ಸೆಟ್ಟಿನ ತುಣುಕೊಂದನ್ನು ತೂಗಿ, 103 ಡಿಗ್ರಿ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಇಟ್ಟರೆ ಗುಟ್ಟು ಹೊರಬೀಳುತ್ತದೆ. 50 ಗ್ರಾಂ ಇದ್ದದ್ದು 43.5ಕ್ಕೆ ನಿಂತಿತು, ಅಂದರೆ ತೇವಾಂಶ ಸುಮಾರು 15 ಶೇಕಡಾ. ನಮಗೆ ಬೇಕಾದದ್ದು 8ರಿಂದ 9, ಕೋಣೆಯ ಆರ್ದ್ರತೆ 45ರ ಸುತ್ತ ಇದ್ದಾಗ ಮರ ತಾನಾಗಿ ಬಂದು ನಿಲ್ಲುವ ಮಟ್ಟ.

ಈ ಆರು ಶೇಕಡಾ ಏನು ಮಾಡುತ್ತದೆ ನೋಡಿ. ಒಳ್ಳೆಯ ಕೊಯ್ತದ ಬ್ಯಾಕ್ ಕೂಡ 430 ಮಿ.ಮೀ. ಅಗಲದಲ್ಲಿ ಎರಡೂವರೆ ಮಿ.ಮೀ.ಯಷ್ಟು ಕುಗ್ಗುತ್ತದೆ, ಚಿತ್ತಾರದ ಕೊಯ್ತವಾದರೆ ಅದರ ಎರಡರಷ್ಟು. ಬ್ಯಾಕಿನ ಒಳಮೈಗೆ ಅಡ್ಡಕ್ಕೆ ಅಂಟಿಸಿದ ಬ್ರೇಸ್ (ಆಧಾರದ ಪಟ್ಟಿ) ಉದ್ದಕ್ಕೆ ಕುಗ್ಗುವುದೇ ಇಲ್ಲ. ಹಲಗೆ ಒಳಗೆ ಎಳೆಯುತ್ತದೆ, ಬ್ರೇಸ್ ಬಿಡುವುದಿಲ್ಲ. ಜುಲೈಯ ಮಳೆಯಲ್ಲಿ ಅಂಟಿಸಿದ ಬ್ಯಾಕ್ ಮಾರ್ಚ್‌ನ ಒಣಹವೆಗೆ ಮೊದಲು ತನ್ನ ಉಬ್ಬು ಕಳೆದುಕೊಂಡು ಚಪ್ಪಟೆಯಾಗುತ್ತದೆ, ಆಮೇಲೆ ನಡುಜೋಡಣೆಯ ಪಕ್ಕದಲ್ಲೇ ಸೀಳುತ್ತದೆ. ಇದಕ್ಕೇ ಈ ಸಾಮಿಲ್‌ಗೆ ಐದರಲ್ಲಿ ಒಂದೂವರೆ ಅಂಕ ಕಳೆದಿದ್ದೇನೆ.

ಹಾಗಾಗಿ ಪಾರ್ಸೆಲ್ ಬಂದ ದಿನವೇ ಪ್ಲಾಸ್ಟಿಕ್ ಹರಿದು ತೆಗೆಯಿರಿ, ಇಲ್ಲದಿದ್ದರೆ ವಾರದೊಳಗೆ ಬೂಷ್ಟು. ತುದಿಗಳಿಗೆ ಮೇಣ ಹಚ್ಚಿ. ಹದಿನೈದು ಮಿ.ಮೀ. ರೀಪರ್ ತುಂಡುಗಳನ್ನು ಗೇಣಿಗೊಂದರಂತೆ, ಒಂದರ ನೇರಕ್ಕೆ ಇನ್ನೊಂದು ಬರುವ ಹಾಗೆ ಇಟ್ಟು ಹಲಗೆ ಪೇರಿಸಿ. ನೇರ ತಪ್ಪಿದರೆ ಹಲಗೆ ಅಲೆಯ ಹಾಗೆ ಬಾಗುತ್ತದೆ. ಮೇಲೆ ಭಾರ ಹೇರಿ, ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಇರುವ ಮುಚ್ಚಿದ ಕಪಾಟಿನಲ್ಲಿಡಿ. ಮಳೆಗಾಲದಲ್ಲಿ ತೆರೆದ ಕೋಣೆಯಲ್ಲಿಟ್ಟರೆ ಎಷ್ಟು ತಿಂಗಳಾದರೂ ಅಷ್ಟೇ. ಪ್ರತಿ ಭಾನುವಾರ ಬೆಳಿಗ್ಗೆ, ಅಡುಗೆಮನೆಯ ತಕ್ಕಡಿ ಖಾಲಿ ಇರುವಾಗ, ಒಂದೊಂದೇ ಹಲಗೆ ತೂಗಿ ಮೂಲೆಯಲ್ಲಿ ಪೆನ್ಸಿಲ್‌ನಿಂದ ಬರೆಯುವುದು. ಈ ವರ್ಷದ ಒಂದು ಹಲಗೆಯ ಮೂಲೆಯಲ್ಲಿ ಹೀಗಿದೆ: 462, 451, 444, 439, 437, 436, 436, 436. ಒಂದೇ ಅಂಕಿ ಮೂರು ವಾರ ಬಂದ ದಿನ ಕೈಗೆ ಕೀಸುಳಿ ತೆಗೆದುಕೊಳ್ಳಬಹುದು. ಆ ಮೂರನೆಯ ಅಂಕಿ ಬರೆಯುವಾಗಿನ ಖುಷಿಯೇ ಬೇರೆ.

ಇಷ್ಟೆಲ್ಲ ಕಷ್ಟವಿದ್ದರೂ ಸಾಮಿಲ್ ಬದಲಾಯಿಸಿಲ್ಲ. ಕೊಯ್ಯುವ ಮೇಸ್ತ್ರಿ ಯಾರೂ ಕೇಳದೆಯೇ ಮಾಡುವ ಒಂದು ಕೆಲಸ ಅದಕ್ಕೆ ಕಾರಣ. ಗರಗಸದಿಂದ ಬಿದ್ದ ಕ್ರಮದಲ್ಲೇ ಪ್ರತಿ ಹಲಗೆಗೂ ಸೀಮೆಸುಣ್ಣದಲ್ಲಿ ನಂಬರ್ ಹಾಕಿ, ಒಂದೇ ತುದಿಯ ಕಡೆ ಬಾಣದ ಗುರುತು ಎಳೆದಿರುತ್ತಾರೆ. 3 ಮತ್ತು 4ನ್ನು ಪುಸ್ತಕದ ಹಾಗೆ ಬಿಚ್ಚಿದರೆ ಗೆರೆಗೆ ಗೆರೆ ಕೂಡುತ್ತದೆ. ಜೊತೆಗೆ ಅದೇ ಸೈಡ್ ಹಲಗೆಯ ಅಂಗೈ ಅಗಲದ ತುಂಡೊಂದನ್ನು ಇಟ್ಟಿರುತ್ತಾರೆ. ಅದನ್ನು 2.1ಕ್ಕೆ ಇಳಿಸಿ ಬಿಸಿ ಪೈಪಿನ ಮೇಲೆ ಬಾಗಿಸಿ ನೋಡಿದರೆ, ಸೊಂಟದ ತಿರುವಿನಲ್ಲಿ ಸೈಡ್ ಮುರಿಯುತ್ತದೋ ಇಲ್ಲವೋ ಮೊದಲೇ ಗೊತ್ತಾಗುತ್ತದೆ.

ಬಿಲ್ಲಿನ ಜೊತೆ ಅರಣ್ಯ ಇಲಾಖೆಯ ಪಾಸಿನ ಪ್ರತಿಯನ್ನೂ ಕೊಡುತ್ತಾರೆ, ಜೋಪಾನವಾಗಿಡಿ. 2017ರಿಂದ ಬೀಟೆಯ ಇಡೀ ಕುಲವೇ ಸೈಟಿಸ್, ಅಂದರೆ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದದ ಪಟ್ಟಿಯಲ್ಲಿದೆ. ಸಿದ್ಧವಾದ ವಾದ್ಯಗಳಿಗೆ 2019ರ ನವೆಂಬರ್‌ನಿಂದ ವಿನಾಯಿತಿ ಸಿಕ್ಕಿದೆ, ಬಿಡಿ ಹಲಗೆಗೆ ಇಲ್ಲ. ಹೊಸದಾಗಿ ತರಿಸುವವರು ಜನವರಿ, ಫೆಬ್ರವರಿಯಲ್ಲಿ ಕೊಯ್ಯಿಸಿಕೊಳ್ಳಿ. ಮಳೆಗೆ ಮುಂಚೆಯೇ ಹಲಗೆ ರೀಪರ್ ಮೇಲೆ ಕೂತಿರುತ್ತದೆ.