ಸೆನೆಟ್‌ನಲ್ಲಿ 60 ಮತಗಳಿಲ್ಲದಾಗ: ಬಜೆಟ್ ದಾರಿಯೋ, ನಿಯಮ ಬದಲಾವಣೆಯೋ?

ಅಮೆರಿಕದ ಸೆನೆಟ್‌ನ 100 ಸದಸ್ಯರಲ್ಲಿ 51 ಮಂದಿ ಜೊತೆಗಿದ್ದರೂ, ಫಿಲಿಬಸ್ಟರ್ ಎಂಬ ಕೊನೆಯಿಲ್ಲದ ಚರ್ಚೆಯನ್ನು ನಿಲ್ಲಿಸಿ ಸಾಮಾನ್ಯ ಮಸೂದೆಯನ್ನು ಮತಕ್ಕೆ ಹಾಕಲು 60 ಮತಗಳು ಬೇಕು. ಅಷ್ಟು ಬಲವಿಲ್ಲದ ಪಕ್ಷಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ.

ಒಂದು, 1974ರ ಕಾಯ್ದೆಯಿಂದ ಬಂದ ಬಜೆಟ್ ರಿಕನ್ಸಿಲಿಯೇಷನ್, ಅಂದರೆ ಆದಾಯ, ವೆಚ್ಚಗಳ ಮಸೂದೆಗಳಿಗಿರುವ ವಿಶೇಷ ಕಾರ್ಯವಿಧಾನ. ಚರ್ಚೆಗೆ 20 ಗಂಟೆಗಳ ಮಿತಿಯಿರುವುದರಿಂದ ಇಲ್ಲಿ ಸರಳ ಬಹುಮತ ಸಾಕು. 2017ರ ತೆರಿಗೆ ಕಡಿತ ಹೀಗೆಯೇ ಅಂಗೀಕಾರವಾಯಿತು. ಆದರೆ ಆದಾಯ, ವೆಚ್ಚಗಳಿಗೆ ನೇರ ಸಂಬಂಧವಿಲ್ಲದ ಅಂಶಗಳನ್ನು ಬರ್ಡ್ ನಿಯಮ ತಡೆಯುತ್ತದೆ. 2021ರಲ್ಲಿ ಗಂಟೆಗೆ 15 ಡಾಲರ್ ಕನಿಷ್ಠ ವೇತನದ ಪ್ರಸ್ತಾವ ಸೆನೆಟ್‌ನ ನಿಯಮತಜ್ಞರ ಅಭಿಪ್ರಾಯದಿಂದಾಗಿ ಹೊರಗುಳಿಯಿತು.

ಇನ್ನೊಂದು, 'ನ್ಯೂಕ್ಲಿಯರ್ ಆಯ್ಕೆ'. ಲಿಖಿತ ನಿಯಮದ ತಿದ್ದುಪಡಿಯ ಮೇಲಿನ ಚರ್ಚೆಯನ್ನು ಮುಗಿಸಲು ಮೂರನೇ ಎರಡರಷ್ಟು ಮತ ಬೇಕಾಗುವುದರಿಂದ, ಬಹುಮತದ ನಾಯಕರು ಕ್ರಮಲೋಪದ ಪ್ರಶ್ನೆಯೆತ್ತಿ (ನಿಯಮದ ಪಾಲನೆಯ ಕುರಿತ ಆಕ್ಷೇಪ), ಸಭೆಯ ಅಧ್ಯಕ್ಷಪೀಠದ ತೀರ್ಪನ್ನು ಸರಳ ಬಹುಮತದಿಂದಲೇ ತಳ್ಳಿಹಾಕಿಸಿ, ಚರ್ಚೆ ಮುಗಿಸಲು ಸರಳ ಬಹುಮತವೇ ಸಾಕೆಂಬ ಹೊಸ ಪೂರ್ವನಿದರ್ಶನವನ್ನು ಸ್ಥಾಪಿಸುತ್ತಾರೆ. ನಿಯಮದ ಒಂದಕ್ಷರವೂ ಬದಲಾಗದೆ ಅದರ ಅರ್ಥ ಬದಲಾಗುತ್ತದೆ. 2013ರಲ್ಲಿ ಡೆಮಾಕ್ರಟಿಕ್ ನಾಯಕ ಹ್ಯಾರಿ ರೀಡ್ ಸುಪ್ರೀಂ ಕೋರ್ಟ್ ಬಿಟ್ಟು ಉಳಿದ ನೇಮಕಾತಿಗಳಿಗೆ 52-48 ಮತಗಳಿಂದ ಇದನ್ನು ಸಾಧಿಸಿದರು. 2017ರಲ್ಲಿ ರಿಪಬ್ಲಿಕನ್ ನಾಯಕ ಮಿಚ್ ಮೆಕಾನಲ್ ಅದನ್ನು ಸುಪ್ರೀಂ ಕೋರ್ಟ್‌ಗೂ ವಿಸ್ತರಿಸಿದ್ದರಿಂದ ನೀಲ್ ಗೋರ್ಸಚ್ 54-45 ಮತಗಳಲ್ಲಿ ನ್ಯಾಯಮೂರ್ತಿಯಾದರು. 2022ರ ಜನವರಿಯಲ್ಲಿ ಮತದಾನ ಹಕ್ಕುಗಳ ಮಸೂದೆಗಾಗಿ ನಡೆದ ಇಂಥದೇ ಪ್ರಯತ್ನ, ಡೆಮಾಕ್ರಟಿಕ್ ಪಕ್ಷದ ಇಬ್ಬರು ಒಪ್ಪದೆ, ಸೋತಿತು.

ತೆರಿಗೆ, ಅನುದಾನಗಳಷ್ಟೇ ಗುರಿಯಾದರೆ ಮೊದಲ ದಾರಿಯೇ ಲೇಸೆಂದು ನನ್ನ ದೃಢ ಅಭಿಪ್ರಾಯ. ನಾಗರಿಕ ಹಕ್ಕುಗಳ ವಿಷಯ ಅದರಡಿ ಬರುವುದಿಲ್ಲ. ಅದಕ್ಕಾಗಿ ಎರಡನೆಯದನ್ನು ಆರಿಸುವವರು, ಮುಂದಿನ ಚುನಾವಣೆಯಲ್ಲಿ ಗೆಲ್ಲಬಹುದಾದ ಎದುರಾಳಿಗಳ ಕೈಗೂ ಅದೇ ಅಧಿಕಾರವನ್ನು ಕೊಡಲು ಒಪ್ಪಿಯೇ ಆರಿಸಬೇಕು.