ಚಿಕ್ಕ ಉಪ್ಪುನೀರಿನ ಟ್ಯಾಂಕಿಗೆ ಯಾವ ಮೀನು, ಯಾವ ಹವಳ?

ಮೊದಲೇ ಹೇಳಿಬಿಡುತ್ತೇನೆ. ಎರಡು ಅಡಿಯ ಉಪ್ಪುನೀರಿನ ಟ್ಯಾಂಕ್ ಇಡುವವರಿಗೆ ನನ್ನ ಆಯ್ಕೆ ಒಂದು ಜೋಡಿ ಕ್ಲೌನ್ ಮೀನು, ಒಂದು ಗೋಬಿ ಮೀನು, ಅದರ ಜೊತೆಗೊಂದು ಪಿಸ್ತೂಲ್ ಸಿಗಡಿ, ಮತ್ತೆ ಮೆತ್ತನೆಯ ಹವಳಗಳು. ನೀಲಿ ಡ್ಯಾಮ್ಸೆಲ್ ಮೀನನ್ನೂ ಗಟ್ಟಿ ಹವಳವನ್ನೂ ಸಾಕಿ ನೋಡಿದ ಮೇಲೆಯೇ ಈ ಮಾತು ಹೇಳುತ್ತಿದ್ದೇನೆ.

ನನ್ನ ಟ್ಯಾಂಕ್ ಸುಮಾರು 90 ಲೀಟರಿನದು. ಬೆಂಗಳೂರು ಬಿಟ್ಟು ಹೊರಟಿದ್ದವರೊಬ್ಬರಿಂದ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಲೈಟು, ಪಂಪು, ಕಲ್ಲುಗಳ ಜೊತೆಗೆ ಒಂದು ನೀಲಿ ಡ್ಯಾಮ್ಸೆಲ್ ಕೂಡ ಬಂತು.

ಡ್ಯಾಮ್ಸೆಲ್ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಬೆಲೆ ಕಡಿಮೆ. ಏನು ಹಾಕಿದರೂ ತಿನ್ನುತ್ತದೆ. ನೀರು ಸ್ವಲ್ಪ ಹೆಚ್ಚುಕಡಿಮೆಯಾದರೂ ತಡೆದುಕೊಳ್ಳುತ್ತದೆ. ಅದಕ್ಕೇ ಹೊಸಬರಿಗೆ ಮೊದಲು ಇದನ್ನೇ ಕೊಡುತ್ತಾರೆ. ತೊಂದರೆ ಇರುವುದು ಅದರ ಸ್ವಭಾವದಲ್ಲಿ. ಸಮುದ್ರದಲ್ಲಿ ಅದು ಕಲ್ಲಿನ ಒಂದು ಮೂಲೆ ಹಿಡಿದು ಕಾಯುತ್ತದೆ, ಹತ್ತಿರ ಬಂದವರನ್ನು ಅಟ್ಟುತ್ತದೆ. ಅಟ್ಟಿಸಿಕೊಂಡ ಮೀನು ದೂರ ಹೋದರೆ ಜಗಳ ಮುಗಿಯಿತು. ಎರಡು ಅಡಿ ಗಾಜಿನೊಳಗೆ ದೂರ ಹೋಗುವುದಾದರೂ ಎಲ್ಲಿಗೆ? ನಾನು ತಂದಿದ್ದ ಫೈರ್‌ಫಿಶ್ ಹೀಟರಿನ ಹಿಂದೆ ಸೇರಿಕೊಂಡು ಊಟಕ್ಕೂ ಹೊರಗೆ ಬರಲಿಲ್ಲ. ಬಾಲದ ಅಂಚು ಹರಿದಿತ್ತು. ಕೊನೆಗೆ ಮುಚ್ಚಳದಲ್ಲಿ ವೈರು ಹೋಗಲು ಬಿಟ್ಟಿದ್ದ ಸಂದಿನಿಂದ ಹೊರಗೆ ಹಾರಿ ಸತ್ತಿತು. ಹೆದರಿದಾಗ ಹಾರುವುದು ಆ ಮೀನಿನ ಗುಣ, ಹೆದರಿಸಿದ್ದು ಮಾತ್ರ ಡ್ಯಾಮ್ಸೆಲ್.

ಸರಿ, ಹಿಡಿದು ಯಾರಿಗಾದರೂ ಕೊಟ್ಟುಬಿಡೋಣ ಅಂದುಕೊಂಡೆ. ನಿಜವಾದ ಕಷ್ಟ ಶುರುವಾದದ್ದು ಅಲ್ಲಿಂದ. ಕಲ್ಲುಗಳಿರುವ ಟ್ಯಾಂಕಿನಲ್ಲಿ ಬಲೆ ಹಾಕಿ ಮೀನು ಹಿಡಿಯುವುದು ಆಗದ ಕೆಲಸ. ಬಲೆ ನೀರಿಗೆ ಇಳಿಯುವ ಮೊದಲೇ ಅದು ಕಲ್ಲಿನ ಬಿರುಕಿನೊಳಗೆ ಇರುತ್ತದೆ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಕತ್ತು ಕತ್ತರಿಸಿ, ಉಲ್ಟಾ ಮಾಡಿ ಒಳಗೆ ತೂರಿಸಿ, ಸಿಗಡಿ ಚೂರು ಹಾಕಿ ಮುಳುಗಿಸಿಟ್ಟೆ. ಆಗಷ್ಟೇ ಬಂದಿದ್ದ ಕ್ಲೌನ್ ಮೀನುಗಳು ಅದರೊಳಗೆ ಹೋಗಿ ಸಿಕ್ಕಿಕೊಂಡವು, ಬಿಡಿಸಿದರೆ ಮತ್ತೆ ಹೋದವು. ಡ್ಯಾಮ್ಸೆಲ್ ಬಾಯಿಯ ತನಕ ಬಂದು, ಒಳಗೆ ನೋಡಿ, ತಿರುಗಿ ಹೋಗುತ್ತಿತ್ತು. ಕಲ್ಲುಗಳನ್ನೆಲ್ಲ ತೆಗೆದರೆ ಕೆಳಗಿನ ಕೊಳೆ ಎದ್ದು ನೀರು ಕೆಡುತ್ತದೆ, ಅಂಟಿಸಿದ ಹವಳಗಳು ಕಿತ್ತು ಬರುತ್ತವೆ.

ಕೈಗೂಡಿದ ಉಪಾಯ ಇದು. ರಾತ್ರಿ ಲೈಟು ಆರಿದ ಮೇಲೆ ಡ್ಯಾಮ್ಸೆಲ್ ದಿನವೂ ಅದೇ ಬಿರುಕಿನಲ್ಲಿ ಮಲಗುತ್ತದೆ. ಕತ್ತಲಲ್ಲಿ ಟಾರ್ಚ್ ಹಾಕದೆ, ಆ ಒಂದೇ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ, ಅದೇ ಟ್ಯಾಂಕಿನ ನೀರು ತುಂಬಿದ ಬಕೆಟ್ಟಿಗೆ ಇಳಿಸಿದೆ. ಮೀನು ಕಲ್ಲಿನೊಳಗೇ ಅಂಟಿಕೊಂಡು ಕೂತಿತ್ತು. ಈಗ ಅದು ಬೇರೆಯವರ ದೊಡ್ಡ ಟ್ಯಾಂಕಿನಲ್ಲಿದೆ. ನಿಮಗೆ ಡ್ಯಾಮ್ಸೆಲ್ ಬೇಕೇ ಬೇಕು ಅಂದರೆ ಹಳದಿ ಬಾಲದ ಜಾತಿ ಸ್ವಲ್ಪ ಸಾಧು. ಅದನ್ನೂ ಎಲ್ಲ ಮೀನು ಬಂದ ಮೇಲೆ ಕೊನೆಯಲ್ಲಿ ಬಿಡಿ.

ಕ್ಲೌನ್ ಮೀನಿಗೂ ಜಾಗದ ಹಟ ಇದೆ. ಆದರೆ ಅದರ ಜಾಗ ಎಂದರೆ ಒಂದು ಮೂಲೆ, ಅಷ್ಟೇ. ಉಳಿದ ಟ್ಯಾಂಕ್ ಉಳಿದವರಿಗೆ. ಹುಟ್ಟುವಾಗ ಎಲ್ಲವೂ ಗಂಡೇ. ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಹಾಗಾಗಿ ಒಂದು ದೊಡ್ಡ, ಒಂದು ಚಿಕ್ಕ ಮರಿ ತಂದರೆ ಜಗಳ ಬೇಗ ಮುಗಿಯುತ್ತದೆ. ತೊಟ್ಟಿಯಲ್ಲೇ ಹುಟ್ಟಿದ ಮರಿ ಕೇಳಿ ತನ್ನಿ. ನಮ್ಮ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ವಿಜ್ಞಾನಿಗಳೇ ಕ್ಲೌನ್ ಮೀನನ್ನು ಹ್ಯಾಚರಿಯಲ್ಲಿ ಮರಿ ಮಾಡಿಸುವ ವಿಧಾನ ರೂಪಿಸಿದ್ದಾರೆ. ಅಂಥ ಮರಿಗಳು ಬಂದ ದಿನದಿಂದಲೇ ಒಣ ಆಹಾರ ತಿನ್ನುತ್ತವೆ. ಸಮುದ್ರದಲ್ಲಿ ಕ್ಲೌನ್ ಮೀನು ಆಸರೆ ಪಡೆಯುವ, ಕುಟುಕುವ ಜೀವಿ ಅನಿಮೋನ್ ಟ್ಯಾಂಕಿನಲ್ಲಿ ಬೇಕಿಲ್ಲ. ಅದು ನಡೆದಾಡುತ್ತದೆ, ಹೋದಲ್ಲೆಲ್ಲ ಹವಳಗಳನ್ನು ಸುಡುತ್ತದೆ.

ನೀಲಿ ಟ್ಯಾಂಗ್ ಬೇಡವೇ ಬೇಡ. ಒಂದು ಅಡಿ ಬೆಳೆಯುವ ಮೀನು. ಮ್ಯಾಂಡರಿನ್ ಮೀನು ಚಿಕ್ಕ ಟ್ಯಾಂಕಿನಲ್ಲಿ ಹಸಿವಿನಿಂದ ಸಾಯುತ್ತದೆ.

ಗೋಬಿ ಮತ್ತು ಪಿಸ್ತೂಲ್ ಸಿಗಡಿಯ ಜೋಡಿಯನ್ನು ಮಾತ್ರ ಎಲ್ಲರೂ ಒಮ್ಮೆ ನೋಡಬೇಕು. ಸಿಗಡಿಗೆ ಕಣ್ಣು ಮಂದ. ಅದು ಮರಳು ತೋಡಿ ಬಿಲ ಮಾಡುತ್ತದೆ, ಬುಲ್ಡೋಜರಿನ ಹಾಗೆ ಮರಳು ದೂಡಿಕೊಂಡು ಬಾಗಿಲಿಗೆ ಬರುತ್ತದೆ. ಬಾಗಿಲಲ್ಲಿ ಗೋಬಿ ಕಾವಲು ಕೂತಿರುತ್ತದೆ. ಹೊರಗೆ ಬಂದಾಗೆಲ್ಲ ಸಿಗಡಿ ತನ್ನ ಒಂದು ಮೀಸೆಯನ್ನು ಗೋಬಿಯ ಮೈಗೆ ತಾಗಿಸಿಯೇ ಇರುತ್ತದೆ. ನಾನು ಗಾಜಿನ ಹತ್ತಿರ ಕೈ ತಂದರೆ ಗೋಬಿ ಬಾಲ ಸಣ್ಣಗೆ ಅದುರಿಸುತ್ತದೆ. ಅಷ್ಟಕ್ಕೇ ಸಿಗಡಿ ಒಳಗೆ! ಕ್ಲೌನ್ ಮೇಲೆ, ಇವು ಕೆಳಗೆ. ಯಾರ ಗೋಜಿಗೂ ಯಾರೂ ಹೋಗುವುದಿಲ್ಲ.

ಇನ್ನು ಹವಳ. ಸಿಂಗಪುರದಲ್ಲಿ ಕೆಲಸದಲ್ಲಿದ್ದಾಗ ಟಾರ್ಚ್ ಅನ್ನುವ ಗಟ್ಟಿ ಹವಳ ಸಾಕಿದ್ದೆ. ನೀರಿನಲ್ಲಿ ತೂಗುವ ಅದರ ಬೆರಳುಗಳ ಅಂದಕ್ಕೆ ಸಾಟಿಯಿಲ್ಲ. ಆದರೆ ರಾತ್ರಿ ಉದ್ದನೆಯ ಎಳೆಗಳನ್ನು ಚಾಚಿ ಪಕ್ಕದ ಹವಳವನ್ನು ಕುಟುಕುತ್ತದೆ. ಸುತ್ತ ಒಂದು ಗೇಣು ಖಾಲಿ ಬಿಡಬೇಕು. ಚಿಕ್ಕ ಟ್ಯಾಂಕಿನಲ್ಲಿ ಅದು ಅರ್ಧ ಕಲ್ಲನ್ನೇ ಬಿಟ್ಟುಕೊಟ್ಟಂತೆ. ಜೊತೆಗೆ ಕ್ಯಾಲ್ಸಿಯಂ, ಕ್ಷಾರದ ಮಟ್ಟ ಅಳೆಯುತ್ತಲೇ ಇರಬೇಕು. ಬೆಂಗಳೂರಿಗೆ ಬಂದ ಮೇಲೆ ಆ ಯೋಚನೆಯನ್ನೇ ಬಿಟ್ಟೆ. ನಮ್ಮ ದೇಶದಲ್ಲಿ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ, ಹುಲಿ ಆನೆಗಳ ಜೊತೆಗೆ. ಸಮುದ್ರದಿಂದ ಕೀಳುವುದೂ ಮಾರುವುದೂ ಅಪರಾಧ. ಮುರ್ಡೇಶ್ವರದ ಹತ್ತಿರ ನೇತ್ರಾಣಿಯಲ್ಲಿ ನೀರಿಗಿಳಿದು ಹವಳ ನೋಡಿದವರಿಗೆ ಇದು ಯಾಕೆ ಸರಿ ಅನ್ನುವುದು ಗೊತ್ತಾಗುತ್ತದೆ. ಕಲ್ಲು ಕೂಡ ಸಮುದ್ರದ್ದು ಬೇಡ, ಸೆರಾಮಿಕ್ ಕಲ್ಲು ಸಾಕು.

ಮೆತ್ತನೆಯವುಗಳಲ್ಲಿ ಮಶ್ರೂಮ್ ಹವಳ ನನಗೆ ಎಲ್ಲಕ್ಕಿಂತ ಇಷ್ಟ. ಕಡಿಮೆ ಬೆಳಕು, ಕಡಿಮೆ ಅಲೆ ಸಾಕು. ಝೋವಾಂಥಿಡ್ ಬಣ್ಣಕ್ಕೆ ಚೆನ್ನ, ಆದರೆ ಇವುಗಳಲ್ಲಿ ಕೆಲವದರಲ್ಲಿ ಪ್ಯಾಲಿಟಾಕ್ಸಿನ್ ಅನ್ನುವ ಕಡು ವಿಷ ಇರುತ್ತದೆ. ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಅದು ಅಂಟಿದ ಕಲ್ಲನ್ನು ಯಾವತ್ತೂ ಕುದಿಸಬೇಡಿ. ಲೆದರ್ ಹವಳ ಆಗಾಗ ಮುದುಡಿ, ಮೇಲೆ ಮೇಣದಂಥ ಪೊರೆ ಕಟ್ಟಿ, ಸತ್ತಂತೆ ಕಾಣುತ್ತದೆ. ಸುಮ್ನೆ ಬಿಡಿ, ಪೊರೆ ಕಳಚಿ ಮತ್ತೆ ಅರಳುತ್ತದೆ. ಗ್ರೀನ್ ಸ್ಟಾರ್ ಪಾಲಿಪ್ ಮತ್ತು ಕ್ಸೀನಿಯಾ ಕಂಡದ್ದೆಲ್ಲ ಹಬ್ಬುತ್ತವೆ. ಅವಕ್ಕೆ ಮರಳಿನ ಮಧ್ಯೆ ಒಂಟಿ ಕಲ್ಲು ಕೊಡಿ.

ನನ್ನ ಈ ಆಯ್ಕೆಗೆ ನನ್ನ ದಿನಚರಿಯೂ ಕಾರಣ. ಭಾನುವಾರ ಹತ್ತು ಲೀಟರ್ ನೀರು ಬದಲಿಸುತ್ತೇನೆ, ಅಷ್ಟೇ ಬಿಡುವು. ಚಿಲ್ಲರ್ ಕೊಳ್ಳುವ ದುಡ್ಡಿಲ್ಲ. ಏಪ್ರಿಲ್‌ನಲ್ಲಿ ನೀರು 29 ಡಿಗ್ರಿ ದಾಟಿದಾಗ ಒಂದು ಚಿಕ್ಕ ಫ್ಯಾನ್ ಹಾಕಿ, ಆವಿಯಾದಷ್ಟು ಆರ್‌ಒ ನೀರು ಸುರಿಯುತ್ತೇನೆ. ಮೆತ್ತನೆಯ ಹವಳ ಅದನ್ನು ತಡೆದುಕೊಂಡಿದೆ. ಹಬ್ಬಕ್ಕೆ ಊರಿಗೆ ಹೋದಾಗ ಪಕ್ಕದ ಮನೆ ಆಂಟಿ ದಿನಕ್ಕೊಂದು ಚಿಟಿಕೆ ಆಹಾರ ಹಾಕುತ್ತಾರೆ, ಅಷ್ಟರಲ್ಲೇ ಎಲ್ಲ ಚೆನ್ನಾಗಿರುತ್ತವೆ. ನಿಮ್ಮ ಹತ್ತಿರ ಮುನ್ನೂರು ಲೀಟರಿನ ಟ್ಯಾಂಕೂ ದಿನಾ ನೀರು ಪರೀಕ್ಷಿಸುವ ಸಮಯವೂ ಇದ್ದರೆ ಲೆಕ್ಕ ಬೇರೆ. ಎರಡು ಅಡಿಗೆ ಮೊದಲು ಗೋಬಿ ಮತ್ತು ಸಿಗಡಿ ತನ್ನಿ, ಅವು ಬಿಲ ಮಾಡಿಕೊಳ್ಳಲಿ, ಆಮೇಲೆ ಕ್ಲೌನ್ ಜೋಡಿ ಬಿಡಿ.