ಲೂರ್ ಕರಗಿಸೋ ಕಿಟ್ ಅಂತ ತಲೆಎಣ್ಣೆ ಬಾಟಲಿ ಮಾರ್ತಿದ್ದಾರೆ, ಹುಷಾರ್ ರೀ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಗಾಳ ಹಾಕೋ ಎಲ್ಲರೂ ಇದನ್ನ ಪೂರ್ತಿ ಓದ್ರಿ. ಹರಿದ ಸಾಫ್ಟ್ ಪ್ಲಾಸ್ಟಿಕ್ ಲೂರ್‌ಗಳನ್ನ, ಅಂದ್ರೆ ಮೀನು ಸೆಳೆಯೋಕೆ ಗಾಳಕ್ಕೆ ಸಿಕ್ಕಿಸೋ ಮೆತ್ತನೆಯ ನಕಲಿ ಎರೆಗಳನ್ನ, ಮನೆಯಲ್ಲೇ ಕರಗಿಸಿ ಹೊಸದು ಮಾಡೋ ಕಿಟ್ ಅಂತ ಒಬ್ಬ ವಾಟ್ಸ್‌ಆ್ಯಪ್‌ನಲ್ಲಿ ಮಾರ್ತಿದ್ದಾನೆ. ತಗೋಬೇಡ್ರಿ. ನನ್ನ 1,850 ರೂಪಾಯಿ ಹೋಯ್ತು. ದುಡ್ಡು ಹಾಳಾಗಲಿ, ಗೆಳೆಯರ ಮುಂದೆ ಮಾನ ಹೋಯ್ತಲ್ಲ, ಅದು ತಡಕೊಳ್ಳೋಕೆ ಆಗ್ತಿಲ್ಲ.

ಆಲಮಟ್ಟಿ ಹಿನ್ನೀರಲ್ಲಿ ಕೊರವ ಮೀನಿಗೆ ಕೂತವರಿಗೆ ಗೊತ್ತು, ಒಂದು ಸಲ ಬಾಯಿ ಹಾಕಿದ್ರೆ ಲೂರ್‌ನ ಬಾಲವೇ ಇರಲ್ಲ. ಹರಿದದ್ದನ್ನ ನೀರಿಗೆ ಎಸೆದ್ರೆ ಅದು ಕೊಳೆಯೋ ವಸ್ತು ಅಲ್ಲ, ಮೀನು ನುಂಗಿದ್ರೆ ಹೊಟ್ಟೆಯಲ್ಲೇ ಉಳಿಯುತ್ತೆ. ಅದಕ್ಕೇ ನಾನು ಎಲ್ಲರ ಹತ್ತಿರ ಕೂಡಿಸ್ತಾ ಬಂದಿದ್ದೆ. "ಹಳೇವು ಕೊಡ್ರಿ, ಹೊಸಾವು ಮಾಡಿ ಕೊಡ್ತೀನಿ" ಅಂತ ನಮ್ಮ ಗುಂಪಿಗೆಲ್ಲ ಹೇಳಿದ್ದೆ. ಮಾವನ ಮಗ ದುಬೈಯಿಂದ ತಂದಿದ್ದ ಶಾಡ್‌ಗಳನ್ನೂ (ಮೀನಿನ ಆಕಾರದ ಲೂರ್) ನಂಬಿ ಕೊಟ್ಟಿದ್ದ.

ಕಿಟ್‌ನಲ್ಲಿ ಸಿಲಿಕೋನ್ ಅಚ್ಚು, ಬಣ್ಣ, ಮಿಂಚಿನ ಪುಡಿ, ಜೊತೆಗೆ 'ಸಾಫ್ಟನರ್' ಅಂತ ಚೀಟಿ ಅಂಟಿಸಿದ ಬಾಟಲಿ. ಅಚ್ಚಿನ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರೋದು ಆ ಬಾಟಲಿ ಬಗ್ಗೆ. ಈ ಲೂರ್‌ಗಳು ಪಿವಿಸಿ ಪ್ಲಾಸ್ಟಿಕ್ ಮತ್ತು ಅದನ್ನ ಮೆತ್ತಗೆ ಮಾಡೋ ಪ್ಲಾಸ್ಟಿಸೈಸರ್ ದ್ರವ ಸೇರಿ ಆದವು. ಪ್ರತಿ ಸಲ ಕಾಯಿಸಿದಾಗ ಪ್ಲಾಸ್ಟಿಸೈಸರ್ ಸ್ವಲ್ಪ ಹಾರಿಹೋಗಿ ಮಾಲು ಗಟ್ಟಿಯಾಗುತ್ತೆ, ಅದನ್ನ ತುಂಬೋಕೆ ಸಾಫ್ಟನರ್ ಬೇಕು. ಕಿಟ್‌ನ ಜೀವಾಳವೇ ಅದು.

ಲೂರ್‌ಗಳನ್ನೆಲ್ಲ ತೊಳೆದು, ಪೂರ್ತಿ ಒಣಗಿಸಿದೆ, ಹನಿ ನೀರು ಉಳಿದ್ರೂ ಕಾದ ಪ್ಲಾಸ್ಟಿಕ್ ಮೈಮೇಲೆ ಸಿಡಿಯುತ್ತೆ. ಟಿಪಿಇ ಅನ್ನೋ ಬೇರೆ ಪ್ಲಾಸ್ಟಿಕ್‌ನ ಲೂರ್‌ಗಳನ್ನ, ಅಂದ್ರೆ ತುಂಬಾ ಉದ್ದ ಎಳೆದ್ರೂ ಹರಿಯದ, ನೀರಲ್ಲಿ ತೇಲೋ ಜಾತಿ, ಬೇರೆ ಇಟ್ಟೆ. ಕಿಟ್ ಮಾರಿದವನಂತೂ "ಯಾವ್ದಾದ್ರೂ ನಡೀತೈತ್ರಿ ಸರ, ಎಲ್ಲಾ ಕೂಡಿಸಿ ಹಾಕ್ರಿ" ಅಂದಿದ್ದ. ಅದು ಶುದ್ಧ ಸುಳ್ಳು. ಪಿವಿಸಿ, ಟಿಪಿಇ ಎರಡೂ ಒಂದಕ್ಕೊಂದು ಕೂಡಲ್ಲ. ಒಂದೇ ಡಬ್ಬಿಯಲ್ಲಿಟ್ರೂ ಅಂಟಂಟಾಗಿ ಕೆಡ್ತಾವೆ.

ಹಿತ್ತಲಲ್ಲಿ ಒಲೆ ಹಚ್ಚಿ, ಹಳೇ ಪಾತ್ರೆಯಲ್ಲಿ ಕರಗಿಸಿದೆ. ಥರ್ಮಾಮೀಟರ್ 170 ಡಿಗ್ರಿ. ಬೆಲ್ಲದ ಪಾಕದ ಹಾಗೆ ಚೆನ್ನಾಗಿ ಕರಗಿತ್ತು. ಆಮೇಲೆ ಆ ಬಾಟಲಿಯದ್ದು ಹಾಕಿದೆ.

ಬೆರೆಯಲೇ ಇಲ್ಲ. ಮೇಲೇ ನಿಂತಿತು. ಕಲಸಿದ್ರೆ ಅಂಚಿಗೆ ಸರಿದು ಮತ್ತೆ ಮೇಲೆ ಬಂತು. ಸಾಫ್ಟನರ್ ಅಂದ್ರೆ ಬಿಸಿ ಪ್ಲಾಸ್ಟಿಕ್ ಒಳಗೆ ಇಳಿದು ಒಂದಾಗಬೇಕು. ಇದು ಹೊಗೆ ಬಿಡೋಕೆ ಶುರು ಮಾಡಿತು. ಪಕ್ಕದ ಮನೆ ಕಾಕು ಗೋಡೆ ಮೇಲಿಂದ "ಏನ್ ಸುಡಾಕತ್ತಿಯೋ ತಮ್ಮಾ?" ಅಂತ ಕೆಮ್ಮುತ್ತಾ ಕೇಳಿದರು. ಆಗ ಬಾಟಲಿ ಮೂಸಿ ನೋಡಿದೆ. ತಲೆಗೆ ಹಚ್ಚೋ ಎಣ್ಣೆಯ ವಾಸನೆ! ಕೈಕಾಲು ತಣ್ಣಗಾದವು. ಎಣ್ಣೆ ರೀ, ಬರೀ ಎಣ್ಣೆ.

ಅಚ್ಚಿಗೆ ಸುರಿದದ್ದು ಮರುದಿನ ಎಣ್ಣೆ ಬೆವರುತ್ತಾ ಕೂತಿತ್ತು. ಬಾಲ ಹಿಡಿದ್ರೆ ಪಟ್ ಅಂತ ಮುರಿಯಿತು. ಅದೇ ಹೊತ್ತಿಗೆ ಗೆಳೆಯರು ಬಂದರು. ಮಾವನ ಮಗ ಒಂದು ಮಾತೂ ಆಡಲಿಲ್ಲ, ತುಂಡುಗಳನ್ನ ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದ.

ಮಾರಿದವನಿಗೆ ಫೋಟೋ ಕಳಿಸಿದೆ. "ಸರ, ನೀವು ಜಾಸ್ತಿ ಕಾಸೀರಿ." 170 ತೋರಿಸೋ ಫೋಟೋ ಕಳಿಸಿದೆ. "ಹಂಗಾದ್ರ ನಿಮ್ಮ ಲೂರ್‌ನಾಗ ಉಪ್ಪು ಇರಬೇಕ್ರಿ." ಸರಿ, ಅದೇ ರಾಶಿಯಿಂದ ಉಳಿದದ್ದನ್ನ ಬಾಟಲಿ ಮುಟ್ಟದೇ ಕರಗಿಸಿ ಸುರಿದೆ. ಸ್ವಲ್ಪ ಗಟ್ಟಿ, ಆದ್ರೆ ಸರಿಯಾಗಿ ಬಂತು! ಆ ವಿಡಿಯೋ ಕಳಿಸಿದೆ. "ಉಳಿದ ಮಂದಿಗೆಲ್ಲಾ ಚಲೋ ಬಂದೈತಿ, ನಿಮಗೊಬ್ಬರಿಗೇ ಹೆಂಗ್ರಿ?" ಬಾಟಲಿಯಲ್ಲಿ ಏನಿದೆ, ಹೆಸರಾದರೂ ಹೇಳು ಅಂದೆ. "ಅದು ನಮ್ಮ ಫಾರ್ಮುಲಾ, ಹೇಳಾಕ ಬರಂಗಿಲ್ಲ." ದುಡ್ಡು ವಾಪಸ್ ಕೇಳಿದೆ. "ಸೀಲ್ ಒಡದೀರಿ." ಸೀಲ್ ಒಡೆಯದೇ ಉಪಯೋಗಿಸೋದು ಹೇಗೆ? ಅದಕ್ಕೆ ಉತ್ತರವೇ ಇಲ್ಲ, ಬ್ಲಾಕ್ ಮಾಡಿದ.

ಸಾಫ್ಟನರ್ ತಗೊಂಡ್ರೆ ಏನು ರಾಸಾಯನಿಕ ಅಂತ ಬರೆದಿರೋದನ್ನೇ ತಗೊಳ್ರಿ, ಬಿಲ್ ಕೇಳ್ರಿ. ಹೆಸರು ಹೇಳದವನ ಹತ್ತಿರ ಒಂದು ರೂಪಾಯಿ ಮಾಲೂ ಬೇಡ. ಮತ್ತೆ, ಕಾಯಿಸೋದು ಬಯಲಲ್ಲೇ ಆಗಲಿ, ಅಡುಗೆ ಪಾತ್ರೆ, ಅಡುಗೆ ಓವನ್ ಮುಟ್ಟಬೇಡ್ರಿ. ಶಾಖ 200 ಡಿಗ್ರಿ ದಾಟಿದ್ರೆ ಪಿವಿಸಿ ಕಂದಾಗಿ ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತೆ, ಗಂಟಲು, ಕಣ್ಣು ಉರಿದುಹೋಗ್ತಾವೆ. ಇಂಥ ಮಾಲನ್ನ 'ಮಕ್ಕಳ ಕೂಡ ಮಾಡಬಹುದು' ಅಂತ ಮಾರ್ತಿದ್ದಾನೆ ಅವನು.

ನಾನು 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟಿದೀನಿ. ನಿಮಗೂ ಇದೇ ಬಾಟಲಿ ಬಂದಿದ್ರೆ ಚೆಲ್ಲಬೇಡ್ರಿ. ದುಡ್ಡು ಕಳಿಸಿದ ರಸೀದಿ, ಚಾಟ್ ಎಲ್ಲ ಇಟ್ಟುಕೊಂಡು ನೀವೂ ದೂರು ಕೊಡ್ರಿ.